ಪ್ಯಾನೆಲ್ ಕಳೆದಿಲ್ಲ, ಅದರ ಹೆಸರು ಯಾರೂ ಹೇಳಿಕೊಟ್ಟಿಲ್ಲ

ಸಿರುಗುಪ್ಪ, ಕುರುಗೋಡಿನಿಂದ ದಿನಾ ಬಸ್ಸು ಹತ್ತಿ ಬಳ್ಳಾರಿಗೆ ಎಂಜಿನಿಯರಿಂಗ್ ಓದಲು ಬರುವ ಹುಡುಗ ಹುಡುಗಿಯರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ: "ಅಣ್ಣಾ, ವಿಎಸ್ ಕೋಡ್‌ನಾಗ ಕೆಳಗಿದ್ದ ಟರ್ಮಿನಲ್ ಕಾಣವಲ್ದು. ಡಿಲೀಟ್ ಆತೇನು?"

ಆಗಿಲ್ಲ. ಪ್ಯಾನೆಲ್ ಮುಚ್ಚಿದರೆ ಅದು ಅಳಿಸಿಹೋಗಲ್ಲ, ಮರೆಯಾಗುತ್ತೆ ಅಷ್ಟೇ. ಯಾವುದು ತೆರೆದಿತ್ತು, ಯಾವುದು ಎಲ್ಲಿತ್ತು ಅನ್ನೋದನ್ನು ಸಾಫ್ಟ್‌ವೇರ್ ನಿಮ್ಮ ಲಾಗಿನ್‌ನ ಫೋಲ್ಡರಿನಲ್ಲಿ ಉಳಿಸಿಕೊಳ್ಳುತ್ತದೆ. ಅನ್‌ಇನ್‌ಸ್ಟಾಲ್ ಮಾಡಿದರೂ ಸಾಮಾನ್ಯವಾಗಿ ಆ ಫೋಲ್ಡರ್ ಹೋಗುವುದಿಲ್ಲ. ಹಾಗಾಗಿ ಮತ್ತೆ ಇನ್‌ಸ್ಟಾಲ್ ಮಾಡಿ ಡೇಟಾ ಸುಡುವುದು ವ್ಯರ್ಥ. ಇಡೀ ಲ್ಯಾಬಿಗೆ ಒಂದೇ ಲಾಗಿನ್ ಇದ್ದರಂತೂ, ಬೆಳಗಿನ ಬ್ಯಾಚಿನವರು ಎಳೆದಾಡಿ ಬಿಟ್ಟುಹೋದ ಪರದೆಯೇ ಮಧ್ಯಾಹ್ನದವರಿಗೆ ಸಿಗೋದು. ತಪ್ಪು ನಿಮ್ಮದಲ್ಲ.

ಕಾರಣ ಮೂರೇ. ಈ ಕ್ರಮದಲ್ಲೇ ಹುಡುಕಿ.

1. ಮುಚ್ಚಿದೆ. ಕಂಟ್ರೋಲ್ ಜೊತೆ ಜೆ ಒತ್ತಿ, ಕೆಳಗಿನ ಪ್ಯಾನೆಲ್ ಬರುತ್ತೆ. ಕಂಟ್ರೋಲ್ ಜೊತೆ ಬಿ ಒತ್ತಿದರೆ ಪಕ್ಕದ ಸೈಡ್‌ಬಾರ್. ಎಲ್ಲವೂ ಮಾಯವಾಗಿ ಕೋಡ್ ಮಾತ್ರ ಉಳಿದಿದ್ದರೆ ಅದು ಜೆನ್ ಮೋಡ್. ಎಸ್ಕೇಪ್ ಎರಡು ಸಲ ಒತ್ತಿ. ಮೇಲಿನ ಮೆನುವೇ ಕಾಣದಿದ್ದರೆ ಆಲ್ಟ್ ಒತ್ತಿ ನೋಡಿ.

2. ಜಾಗ ಬದಲಾಗಿದೆ. ಮೌಸ್ ಎಳೆದಾಗ ಪ್ಯಾನೆಲ್ ಬೇರೆ ಕಡೆ ಹೋಗಿ ಕೂತಿರಬಹುದು. ಕಂಟ್ರೋಲ್, ಶಿಫ್ಟ್, ಪಿ ಒಟ್ಟಿಗೆ ಒತ್ತಿ, 'ರೀಸೆಟ್ ವ್ಯೂ ಲೊಕೇಶನ್ಸ್' ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಎಲ್ಲವೂ ಮೊದಲಿನ ಜಾಗಕ್ಕೆ ಬರುತ್ತವೆ. ಆಮೇಲೂ ಒಂದು ಐಕಾನ್ ಮಾತ್ರ ಕಾಣದಿದ್ದರೆ, ಐಕಾನ್‌ಗಳ ಪಟ್ಟಿಯ ಮೇಲೆ ರೈಟ್ ಕ್ಲಿಕ್ ಮಾಡಿ ಟಿಕ್ ಹಾಕಿ.

3. ಅದನ್ನು ತೋರಿಸುವ ಎಕ್ಸ್‌ಟೆನ್ಷನ್ ಕೆಲಸ ಮಾಡುತ್ತಿಲ್ಲ. ಎಷ್ಟೋ ಪ್ಯಾನೆಲ್‌ಗಳು ವಿಎಸ್ ಕೋಡ್‌ನ ಸ್ವಂತದ್ದಲ್ಲ, ಎಕ್ಸ್‌ಟೆನ್ಷನ್ ತಂದವು. ಪೆನ್‌ಡ್ರೈವಿನಿಂದ ತಂದ ಫೋಲ್ಡರನ್ನು 'ನಂಬುವುದಿಲ್ಲ' ಅಂತ ಒತ್ತಿದ್ದರೆ ರಿಸ್ಟ್ರಿಕ್ಟೆಡ್ ಮೋಡ್‌ನಲ್ಲಿ ಕೆಲವು ಎಕ್ಸ್‌ಟೆನ್ಷನ್‌ಗಳು ಬಂದ್ ಆಗುತ್ತವೆ. ಫೋಲ್ಡರ್ ನಿಮ್ಮದೇ ಆಗಿದ್ದರೆ ಮಾತ್ರ ನಂಬಿಕೆ ಕೊಡಿ.

ಬೇರೆ ಸಾಧನಗಳಲ್ಲೂ ಇದೇ ತರ್ಕ. ಎಕ್ಲಿಪ್ಸ್‌ನಲ್ಲಿ ವಿಂಡೋ ಮೆನುವಿನೊಳಗೆ ಪರ್ಸ್‌ಪೆಕ್ಟಿವ್, ಅಲ್ಲಿ 'ರೀಸೆಟ್ ಪರ್ಸ್‌ಪೆಕ್ಟಿವ್'. ವಿಷುಯಲ್ ಸ್ಟುಡಿಯೋದಲ್ಲಿ ಅದೇ ಮೆನುವಿನ 'ರೀಸೆಟ್ ವಿಂಡೋ ಲೇಔಟ್'. ಆಂಡ್ರಾಯ್ಡ್ ಸ್ಟುಡಿಯೋದಲ್ಲಿ ವ್ಯೂ ಮೆನುವಿನ 'ಟೂಲ್ ವಿಂಡೋಸ್'.

ಇಷ್ಟು ಸಣ್ಣ ವಿಷಯಕ್ಕೆ ರಾಜಕೀಯ ಯಾಕೆ ಅಂತೀರಾ? ಗಮನಿಸಿ: ಪರಿಹಾರವೆಲ್ಲ ನಿಂತಿರೋದು ಹೆಸರು ಗೊತ್ತಿರುವುದರ ಮೇಲೆ. ಅದು 'ಸೈಡ್‌ಬಾರ್' ಎಂದು ಗೊತ್ತಿಲ್ಲದವರು ಹುಡುಕುವುದು ಏನನ್ನು? ವಿಎಸ್ ಕೋಡ್‌ಗೆ ಮೈಕ್ರೋಸಾಫ್ಟ್ ಕೊಡುವ ಭಾಷೆಗಳ ಪಟ್ಟಿಯಲ್ಲಿ ಜಪಾನಿ, ಟರ್ಕಿ, ಪೋಲಿಷ್ ಇವೆ, ಕನ್ನಡ ಇಲ್ಲ. 2021ರಲ್ಲಿ ಎಐಸಿಟಿಇ ಕನ್ನಡದಲ್ಲೂ ಎಂಜಿನಿಯರಿಂಗ್ ಕಲಿಸಲು ಅನುಮತಿ ಕೊಟ್ಟಿತು. ಲ್ಯಾಬಿನ ಪರದೆ ಮಾತ್ರ ಇಂಗ್ಲಿಷಿನಲ್ಲೇ ಉಳಿದಿದೆ. 2012ರ 98ನೇ ತಿದ್ದುಪಡಿಯಿಂದ ಬಂದ 371ಜೆ, ಬಳ್ಳಾರಿಯೂ ಸೇರಿ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಸೀಟಿನಲ್ಲಿ, ಸರ್ಕಾರಿ ನೌಕರಿಯಲ್ಲಿ ಮೀಸಲಾತಿಯ ದಾರಿ ತೆರೆಯಿತು. ಅದು ದೊಡ್ಡ ಗೆಲುವು. ಆದರೆ ಸೀಟು ಸಿಕ್ಕ ಹುಡುಗಿ ಪ್ರಾಯೋಗಿಕ ಪರೀಕ್ಷೆಯಲ್ಲಿ ಟರ್ಮಿನಲ್ ಹುಡುಕುತ್ತಾ ಅರ್ಧ ಗಂಟೆ ಕಳೆದು, 'ಇದು ನನ್ನಂಥವರಿಗಲ್ಲ' ಅಂದುಕೊಂಡರೆ ಆ ಗೆಲುವು ಅಷ್ಟರಮಟ್ಟಿಗೆ ಸೋತಂತೆ.

ಕೇಳಬೇಕಾದ್ದು ದುಬಾರಿಯದ್ದೇನಲ್ಲ. ಪ್ರತಿ ವಿದ್ಯಾರ್ಥಿಗೆ ಬೇರೆ ಲಾಗಿನ್. ಪ್ರತಿ ಲ್ಯಾಬಿನ ಗೋಡೆಗೆ, ಪರದೆಯ ಭಾಗಗಳ ಹೆಸರು ಮತ್ತು ಮೇಲಿನ ಮೂರು ಹೆಜ್ಜೆಗಳಿರುವ ಒಂದು ಕನ್ನಡ ಹಾಳೆ. ವಿದ್ಯಾರ್ಥಿ ಸಂಘಟನೆಗಳು ಫೀಸಿನ ಜೊತೆ ಇದನ್ನೂ ಬೇಡಿಕೆಪಟ್ಟಿಗೆ ಸೇರಿಸಲಿ. ಕಾಲೇಜು ಅಂಟಿಸುವವರೆಗೆ ಕಾಯಬೇಡಿ, ನೀವೇ ಬರೆದು ಅಂಟಿಸಿ.