ಹಾವಿನ ವಿಷ ಉಸಿರನ್ನು ನಿಲ್ಲಿಸುವುದು ಹೇಗೆ?

ಹೊನ್ನಾಳಿ, ನ್ಯಾಮತಿಗಳ ಭತ್ತದ ಗದ್ದೆಯಾಗಲಿ, ಚನ್ನಗಿರಿಯ ಅಡಿಕೆ ತೋಟವಾಗಲಿ, ಜಗಳೂರಿನ ಮೆಕ್ಕೆಜೋಳದ ಹೊಲವಾಗಲಿ, ಮಳೆಗಾಲದಲ್ಲಿ ಹಾವಿನ ಭಯ ತಪ್ಪಿದ್ದಲ್ಲ. ನೀವೂ ಇಂಥದನ್ನು ಕೇಳಿರಬಹುದು: ರಾತ್ರಿ ನೆಲದ ಮೇಲೆ ಮಲಗಿದ್ದವನು ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದ, ಸ್ವಲ್ಪ ಹೊತ್ತಿಗೆ ರೆಪ್ಪೆ ಎತ್ತಲಾರದಾದ, ಮಾತು ತೊದಲಿತು, ಕೊನೆಗೆ ಉಸಿರೇ ನಿಂತಿತು. ಬಾವಿಲ್ಲ, ಕಚ್ಚಿದ ಗುರುತೂ ಸರಿಯಾಗಿ ಕಾಣದು. ಇದು ಕಟ್ಟುಹಾವಿನ ಕಡಿತದ ಲಕ್ಷಣ. ಇದರ ಒಳಗುಟ್ಟು ತಿಳಿಯಬೇಕಾದರೆ ನರಗಳು ಸುದ್ದಿ ಸಾಗಿಸುವ ಬಗೆಯನ್ನು ಅರಿಯಬೇಕು.

ನರಕೋಶದ ಒಳಗೂ ಹೊರಗೂ ಇರುವುದು ಉಪ್ಪುನೀರೇ. ಆದರೆ ಹೊರಗೆ ಸೋಡಿಯಂ ಹೆಚ್ಚು, ಒಳಗೆ ಪೊಟ್ಯಾಸಿಯಂ ಹೆಚ್ಚು. ಕೋಶದ ಪೊರೆಯಲ್ಲಿರುವ ಪಂಪುಗಳು ಹಗಲಿರುಳೂ ಮೂರು ಸೋಡಿಯಂ ಕಣಗಳನ್ನು ಹೊರಹಾಕಿ, ಎರಡು ಪೊಟ್ಯಾಸಿಯಂ ಕಣಗಳನ್ನು ಒಳಗೆಳೆದುಕೊಳ್ಳುತ್ತಿರುತ್ತವೆ. ಒಳಗಿನ ಪೊಟ್ಯಾಸಿಯಂ ಅಷ್ಟಿಷ್ಟು ಹೊರಕ್ಕೆ ಜಿನುಗುವುದರಿಂದ ಕೋಶದ ಒಳಭಾಗ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್‌ನಷ್ಟು ಋಣವಾಗಿರುತ್ತದೆ. ಟಾರ್ಚಿನ ಸೆಲ್ಲಿನ ಶಕ್ತಿಯ ಇಪ್ಪತ್ತರಲ್ಲೊಂದು ಪಾಲು, ಅಷ್ಟೇ. ಸೂಳೆಕೆರೆ ತುಂಬಿ ನಿಂತು ತೂಬು ಮುಚ್ಚಿರುವಂಥ ಸ್ಥಿತಿ ಇದು. ಪ್ರಚೋದನೆ ಬಂದೊಡನೆ ಪೊರೆಯ ತೂಬುಗಳು ತೆರೆದು ಸೋಡಿಯಂ ಒಳನುಗ್ಗುತ್ತದೆ. ಆ ಜಾಗದ ಒಳಭಾಗ ಕ್ಷಣಕಾಲ ಧನವಾಗುತ್ತದೆ. ಅದರಿಂದ ಪಕ್ಕದ ತೂಬು, ಅದರಿಂದ ಮುಂದಿನದು ತೆರೆಯುತ್ತದೆ. ಒಂದು ಜಾಗದಲ್ಲಿ ಇದೆಲ್ಲ ಮುಗಿಯಲು ಸೆಕೆಂಡಿನ ಸಾವಿರದಲ್ಲೊಂದು ಭಾಗ ಸಾಕು.

ನರದ ತುದಿಗೆ ಬಂದ ಈ ವಿದ್ಯುತ್ತು ಸ್ನಾಯುವಿಗೆ ನೇರವಾಗಿ ದಾಟುವುದಿಲ್ಲ. ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಕಂದಕವಿದೆ. ಅದನ್ನು ದಾಟುವ ದೋಣಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ. ನರದ ತುದಿಯ ಸಣ್ಣ ಚೀಲಗಳು ಒಡೆದು ಇದು ಹೊರಬೀಳುತ್ತದೆ, ಆಚೆ ದಡದ ಗ್ರಾಹಕಗಳಿಗೆ ಅಂಟುತ್ತದೆ, ಸ್ನಾಯು ಸಂಕುಚಿಸುತ್ತದೆ. ಕೂಡಲೇ ಒಂದು ಕಿಣ್ವ ಅದನ್ನು ಒಡೆದುಹಾಕುತ್ತದೆ. ನರಗಳು ರಾಸಾಯನಿಕದ ಮೂಲಕ ಸುದ್ದಿ ದಾಟಿಸುತ್ತವೆಂದು 1921ರಲ್ಲಿ ಕಪ್ಪೆಗಳ ಹೃದಯದ ಮೇಲೆ ಪ್ರಯೋಗ ಮಾಡಿ ತೋರಿಸಿದವರು ಆಟೊ ಲೋವಿ.

ಹಾವಿನ ವಿಷ ಕೈಹಾಕುವುದು ಈ ಕಂದಕದಲ್ಲೇ. ನಾಗರಹಾವಿನ ವಿಷ ಆಚೆ ದಡದ ಗ್ರಾಹಕಗಳ ಮೇಲೆ ಕುಳಿತು ದೋಣಿ ತಂಗದಂತೆ ಮಾಡುತ್ತದೆ. ಕಟ್ಟುಹಾವಿನ ವಿಷವೋ ನರದ ತುದಿಯನ್ನೇ ಹಾಳುಮಾಡುತ್ತದೆ. ಆದ್ದರಿಂದ ನಾಗರ ಕಚ್ಚಿದವರಿಗೆ ವೈದ್ಯರು ಪ್ರತಿವಿಷದ ಜತೆಗೆ ನಿಯೋಸ್ಟಿಗ್ಮಿನ್ ಕೊಟ್ಟರೆ ಅನುಕೂಲವಾಗುವುದುಂಟು. ಅದು ಕಿಣ್ವವನ್ನು ತಡೆದು ಅಸಿಟೈಲ್‌ಕೋಲಿನ್ ಹೆಚ್ಚು ಹೊತ್ತು ಉಳಿಯುವಂತೆ ಮಾಡುತ್ತದೆ. ಕಟ್ಟುಹಾವಿನ ಕಡಿತದಲ್ಲಿ ಇದರ ಪ್ರಯೋಜನ ಕಡಿಮೆ. ಪ್ರತಿವಿಷವೂ ಆಗಲೇ ಕೆಟ್ಟ ನರತುದಿಯನ್ನು ರಿಪೇರಿ ಮಾಡಲಾರದು. ತುದಿ ಮತ್ತೆ ಬೆಳೆಯುವ ತನಕ, ಕೆಲವು ದಿನ, ಯಂತ್ರದ ಉಸಿರೇ ಗತಿ. ತಡಮಾಡಬಾರದೆನ್ನುವುದು ಇದಕ್ಕೇ.

ಇನ್ನೊಂದು ಮಾತು. ರೋಗಿ ಕಣ್ಣು ಬಿಡಲಾರ, ಕೈ ಎತ್ತಲಾರ. ಆದರೆ ಸುತ್ತಲಿನವರ ಮಾತೆಲ್ಲ ಅವನಿಗೆ ಕೇಳಿಸುತ್ತಿರಬಹುದು. "ಹೋಗಿಬಿಟ್ಟ" ಎಂದು ಕೈಬಿಡಬೇಡಿ. ಉಸಿರು ಕುಂದಿದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡುತ್ತಲೇ ಸಾಗಿಸಬೇಕು. ಗಾಯ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು, ಮಂತ್ರ ಹಾಕಿಸುತ್ತ ಕೂರುವುದು ಬೇಡ. ಕಚ್ಚಿದ ಕೈಕಾಲನ್ನು ಅಲುಗಾಡಿಸದೆ, 108ಕ್ಕೆ ಕರೆ ಮಾಡಿ ತಾಲ್ಲೂಕು ಆಸ್ಪತ್ರೆಗೆ ಹೊರಡಿ. ನಮ್ಮ ನಾಲ್ಕು ಮುಖ್ಯ ವಿಷದ ಹಾವುಗಳಿಗೂ ಒಂದೇ ಪ್ರತಿವಿಷ; ಹಾವನ್ನು ಕೊಂದು ತರಬೇಕಾಗಿಲ್ಲ. ಹಾವಿನ ಕಡಿತವನ್ನು ಕರ್ನಾಟಕ ಸರ್ಕಾರ 2024ರಲ್ಲಿ ಅಧಿಸೂಚಿತ ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದು, ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕು.

ಕಟ್ಟುಹಾವು ರಾತ್ರಿ ಸಂಚಾರಿ. ಮಂಚದ ಮೇಲೆ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ ಮಲಗಿದವರ ಹತ್ತಿರ ಅದು ಸುಳಿಯುವುದು ಕಷ್ಟ.