ಲೇಸರ್‌ಗೆ ಕೂತುಕೊಳ್ಳೋ ಮೊದಲು ಒಂದು ಪ್ರಶ್ನೆ

ಎರಡು ವರ್ಷದ ಹಿಂದೆ, ಸುಮಾರು ಮೂರು ತಿಂಗಳು, ನನ್ನ ಮೇಲ್ತುಟಿಯ ಮೇಲೆ ಸುಟ್ಟ ಕಲೆಗಳಿದ್ದವು. ನಿಮಗೆ ಗೊತ್ತಾಗಲಿಲ್ಲ. ಬುಲೆಟಿನ್‌ಗೆ ಮುಂಚೆ ನಮ್ಮ ಮೇಕಪ್ ಅಕ್ಕ ದಿನಾ ಎರಡೆರಡು ಪದರ ಹಚ್ಚಿ ಮುಚ್ಚುತ್ತಿದ್ದರು. ಆಫರ್ ನೋಡಿ ಹೋಗಿ ಮಾಡಿಸಿಕೊಂಡ ಲೇಸರ್‌ನ ಫಲ ಅದು. ಕೇಳಿದ್ದಕ್ಕೆ ಅಲ್ಲಿನ ಹುಡುಗಿ ಹೇಳಿದ್ದು: "ನಿಮ್ಮ ಸ್ಕಿನ್ ಸ್ವಲ್ಪ ಡಾರ್ಕ್ ಅಲ್ವಾ ಮೇಡಂ, ಅದಕ್ಕೇ."

ಎಂಜಿನಿಯರಿಂಗ್ ಓದಿದವಳು ನಾನು. ಆದರೂ 'ಇದು ಯಾವ ಮೆಷಿನ್?' ಅಂತ ಮೊದಲೇ ಕೇಳಲಿಲ್ಲ.

ನೋಡಿ, ವಿಷಯ ಸರಳ. ಬಿಸಿಲಿಗೆ ಬಿಳಿ ಬಟ್ಟೆಗಿಂತ ಕಪ್ಪು ಬಟ್ಟೆ ಬೇಗ ಕಾಯುತ್ತೆ. ಇಲ್ಲೂ ಅಷ್ಟೇ. ಕೂದಲಿಗೆ ಕಪ್ಪು ಬಣ್ಣ ಕೊಡುವ ಮೆಲನಿನ್ ಬೆಳಕು ಹೀರಿ ಬಿಸಿಯಾಗುತ್ತದೆ, ಆ ಬಿಸಿಗೆ ಬುಡ ಸುಡುತ್ತದೆ. ಸುತ್ತಲಿನದನ್ನು ಬಿಟ್ಟು ಬೇಕಾದ್ದನ್ನಷ್ಟೇ ಸುಡುವ ಈ ತತ್ವವನ್ನು 1983ರಲ್ಲಿ ಅಮೆರಿಕದ ಆಂಡರ್ಸನ್ ಮತ್ತು ಪ್ಯಾರಿಶ್ ಮಂಡಿಸಿದರು.

ಸಮಸ್ಯೆ ಏನಂದ್ರೆ, ಮೆಲನಿನ್ ಚರ್ಮದಲ್ಲೂ ಇದೆ. ನಮ್ಮಂಥ ಕಂದು ಚರ್ಮದಲ್ಲಿ ಇನ್ನೂ ಜಾಸ್ತಿ. ಬೆಳಕು ಬುಡ ಮುಟ್ಟುವ ಮೊದಲೇ ಚರ್ಮ ಅದನ್ನು ಹೀರಿದರೆ ಬೊಬ್ಬೆ, ಕಲೆ.

ಪರಿಹಾರ ಇರುವುದು ತರಂಗಾಂತರದಲ್ಲಿ. ಅದು ಉದ್ದವಾದಷ್ಟೂ ಮೆಲನಿನ್ ಕಡಿಮೆ ಹೀರುತ್ತದೆ. ಅಲೆಕ್ಸಾಂಡ್ರೈಟ್ ಲೇಸರ್ 755 ನ್ಯಾನೋಮೀಟರ್, ಡಯೋಡ್ ಸುಮಾರು 810, ಎನ್‌ಡಿ-ಯಾಗ್ 1064. ಕಪ್ಪು ಚರ್ಮಕ್ಕೆ ಹೆಚ್ಚು ಸುರಕ್ಷಿತ ಅಂತ ಪರಿಗಣಿಸುವುದು ಈ ಕೊನೆಯದನ್ನು. ಐಪಿಎಲ್ ಅಂತೂ ಲೇಸರೇ ಅಲ್ಲ. ಹಲವು ತರಂಗಾಂತರಗಳನ್ನು ಒಟ್ಟಿಗೆ ಚೆಲ್ಲುವ ದೀಪ. ನನಗೆ 'ಲೇಸರ್' ಅಂತ ಹೇಳಿ ಹಾಕಿದ್ದು ಅದನ್ನೇ!

ಇನ್ನು 'ಒಂದೇ ಸಲಕ್ಕೆ ಶಾಶ್ವತ' ಅನ್ನೋ ಮಾತು. ಬೆಳೆಯುವ ಹಂತದಲ್ಲಿರುವ ಕೂದಲಿಗೆ ಮಾತ್ರ ಇದು ಸರಿಯಾಗಿ ತಟ್ಟುತ್ತದೆ. ಎಲ್ಲ ಕೂದಲೂ ಒಟ್ಟಿಗೆ ಆ ಹಂತದಲ್ಲಿ ಇರಲ್ಲ. ಅದಕ್ಕೇ ವಾರಗಳ ಅಂತರದಲ್ಲಿ ಹಲವು ಸಲ ಹೋಗಬೇಕು. ಆಮೇಲೂ ಕೂದಲು ಕಡಿಮೆಯಾಗುತ್ತದೆ, ಪೂರ್ತಿ ಮಾಯವಾಗುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಬಿಳಿ ಕೂದಲಿಗಂತೂ ಕೆಲಸವೇ ಮಾಡಲ್ಲ, ಹೀರಲು ಅಲ್ಲಿ ಬಣ್ಣವೇ ಇಲ್ಲವಲ್ಲ.

ಮುಖದಲ್ಲಿ ದಿಢೀರ್ ಅಂತ ಕೂದಲು ಹೆಚ್ಚಿದ್ದರೆ ಮೊದಲು ಡಾಕ್ಟರ್‌ಗೆ ತೋರಿಸಿ. ಪಿಸಿಒಎಸ್‌ನಂಥ ಹಾರ್ಮೋನ್ ತೊಂದರೆ ಇರಬಹುದು. ಚಿಕಿತ್ಸೆಗೆ ಹೋದರೆ ಚರ್ಮರೋಗ ತಜ್ಞರು ಇದ್ದಾರಾ, ಮೆಷಿನ್ ಯಾವುದು, ಮೊದಲು ಸಣ್ಣ ಜಾಗದಲ್ಲಿ ಪರೀಕ್ಷಿಸುತ್ತೀರಾ ಅಂತ ಕೇಳಿ. ಕಣ್ಣಿಗೆ ರಕ್ಷಣಾ ಕನ್ನಡಕ ಇರಲೇಬೇಕು.

ನನ್ನ ಕಲೆ ಈಗ ಮಾಸಿದೆ. ಆ ಹುಡುಗಿಯ ಮಾತು ಮಾತ್ರ ಮರೆತಿಲ್ಲ. ನನ್ನ ಬಣ್ಣ ಆ ಕುರ್ಚಿಯಲ್ಲಿ ಕೂರುವ ಮೊದಲೂ ಅದೇ ಇತ್ತು. ನೋಡಿ ಮೆಷಿನ್ ಆರಿಸಬೇಕಾದವರು ಅವರು. ನಿಮ್ಮ ಬಣ್ಣದ ಮೇಲೆ ತಪ್ಪು ಹೊರಿಸುವವರಿದ್ದರೆ, ಎದ್ದು ಬನ್ನಿ.