ನಿಂತಲ್ಲೇ ಮಗುಚುವ ಗಾಡಿ

ಭಾರದ ಬೈಕ್ ಏರಿ ದೂರ ಹೊರಟವರಿಗೆ ಮನೆಯವರು ಹೇಳುವ ಮಾತು ಒಂದೇ: ಜೋರಾಗಿ ಓಡಿಸಬೇಡ. ಪಾಲಿಸಲೇಬೇಕಾದ ಮಾತು ಅದು. ಆದರೆ ಇಂಥ ಪ್ರವಾಸಗಳಲ್ಲಿ ಆಗುವ ಸಣ್ಣಪುಟ್ಟ ಅವಘಡಗಳಿಗೆ ಬಹಳ ಸಲ ವೇಗ ಕಾರಣವೇ ಅಲ್ಲ. ಪೆಟ್ರೋಲ್ ಬಂಕಿನಲ್ಲಿ ತಿರುಗಿಸುವಾಗ, ಹೋಟೆಲ್ ಮುಂದಿನ ಜಲ್ಲಿ ಅಂಗಳದಲ್ಲಿ ನಿಲ್ಲಿಸುವಾಗ, ಫೋಟೊಕ್ಕೆಂದು ಡಾಂಬರಿನಿಂದ ಮಣ್ಣಿಗೆ ಇಳಿಸುವಾಗ ಗಾಡಿ ನಿಂತಲ್ಲೇ ಮಗುಚುತ್ತದೆ. ಕನ್ನಡಿ ಒಡೆಯುತ್ತದೆ, ಕ್ಲಚ್ ಲಿವರ್ ಮುರಿಯುತ್ತದೆ, ಕಾಲು ಉಳುಕುತ್ತದೆ. ಇದಕ್ಕೆಲ್ಲ ಮೂಲ ಗಾಡಿಯ ತೂಕ. ಪಂಕ್ಚರ್, ಬ್ಯಾಟರಿಯಂಥ ಚಿಕ್ಕ ತೊಂದರೆಗಳನ್ನು ದೊಡ್ಡದು ಮಾಡುವುದೂ ಅದೇ ತೂಕ. ದೂರದ ದಾರಿಗೆ ಇಳಿಯುವ ಮುಂಚೆ ಸವಾರ ಅದರ ಸ್ವಭಾವ ತಿಳಿದಿರಬೇಕು.

ಸ್ಪ್ಲೆಂಡರ್‌ನಂಥ ಗಾಡಿ ಸುಮಾರು 110 ಕೆ.ಜಿ. ಇರುತ್ತದೆ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರ ತೂಕ 195 ಕೆ.ಜಿ., ಸೂಪರ್ ಮೀಟಿಯರ್ 650ರದ್ದು 241. ಅದರ ಮೇಲೆ ಎರಡು ಬದಿಯ ಚೀಲ, ಟೆಂಟ್, ನೀರು, ಪೆಟ್ರೋಲ್ ಕ್ಯಾನ್. ಚಿಕ್ಕ ಗಾಡಿಯಲ್ಲಿ ಕಲಿತವರಿಗೆ ವಾಲಿದ ಬೈಕನ್ನು ಕಾಲು ಕೊಟ್ಟು ನಿಲ್ಲಿಸುವ ಅಭ್ಯಾಸ ಬೆಳೆದಿರುತ್ತದೆ. ಇಲ್ಲಿ ಅದು ನಡೆಯುವುದಿಲ್ಲ. ನೆಟ್ಟಗೆ ನಿಂತ ಗಾಡಿಯ ಭಾರವನ್ನು ಪೂರ್ತಿ ಚಕ್ರಗಳೇ ಹೊರುತ್ತವೆ, ಹಿಡಿಯಲು ಎರಡು ಬೆರಳು ಸಾಕು. ವಾಲಿದಂತೆಲ್ಲ ಅದರ ಪಾಲು ಸವಾರನ ಮೈಮೇಲೆ ಬರುತ್ತದೆ. 200 ಕೆ.ಜಿ. ಗಾಡಿಯ ಗುರುತ್ವಕೇಂದ್ರ ನೆಲದಿಂದ ಅರ್ಧ ಮೀಟರಿಗಿಂತ ತುಸು ಮೇಲಿದೆ, ಹ್ಯಾಂಡಲ್ ಒಂದು ಮೀಟರ್ ಎತ್ತರದಲ್ಲಿದೆ ಎಂದಿಟ್ಟುಕೊಳ್ಳಿ. 5 ಡಿಗ್ರಿ ವಾಲಿದಾಗ ಹ್ಯಾಂಡಲ್ ಹತ್ತಿರ 10 ಕೆ.ಜಿ.ಯಷ್ಟು ಬಲ ಕೊಟ್ಟರೆ ಗಾಡಿ ನಿಲ್ಲುತ್ತದೆ. 15 ಡಿಗ್ರಿಗೆ ಅದು 30 ಕೆ.ಜಿ. ಹತ್ತಿರ ಬರುತ್ತದೆ, 30 ಡಿಗ್ರಿಗೆ 55 ಕೆ.ಜಿ. ಚೀಲಗಳ ಭಾರ ಈ ಲೆಕ್ಕದಲ್ಲಿ ಸೇರಿಲ್ಲ. ಮೊದಲ ಐದಾರು ಡಿಗ್ರಿಯೊಳಗೆ ಹಿಡಿದರೆ ಹಿಡಿದಂತೆ. ಅದನ್ನು ದಾಟಿತೆಂದರೆ ಬಿಟ್ಟುಬಿಡಿ, ಪಕ್ಕಕ್ಕೆ ಹೆಜ್ಜೆ ಹಾಕಿ. ಕನ್ನಡಿ, ಲಿವರ್ ಇವತ್ತಲ್ಲ ನಾಳೆ ಸಿಗುತ್ತವೆ. ಬಿಸಿ ಸೈಲೆನ್ಸರ್ ಅಡಿ ಸಿಕ್ಕಿಕೊಂಡ ಮೊಣಕಾಲಿಗೆ ಬದಲಿ ಇಲ್ಲ.

ನಿಧಾನ ವೇಗದಲ್ಲಿ ಗಾಡಿ ಬೀಳಿಸುವುದು ಬಹುಪಾಲು ಮುಂದಿನ ಬ್ರೇಕ್. ಹ್ಯಾಂಡಲ್ ತಿರುಗಿಸಿಕೊಂಡು ಯು-ಟರ್ನ್ ಹೊಡೆಯುವಾಗ ಎದುರು ಆಟೊ ಬಂತು, ಗಾಬರಿಯಲ್ಲಿ ಮುಂದಿನ ಬ್ರೇಕ್ ಹಿಡಿದಿರಿ. ಭಾರವೆಲ್ಲ ಮುಂದಕ್ಕೆ ನುಗ್ಗುತ್ತದೆ. ಚಕ್ರ ಪಕ್ಕಕ್ಕೆ ತಿರುಗಿರುವುದರಿಂದ ಗಾಡಿ ಒಳಬದಿಗೆ ಕುಸಿಯುತ್ತದೆ. ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕಿನ ಮೇಲೆ ಬೆರಳೇ ಇರಬಾರದು ಎಂಬುದು ನಾನು ಬಿಡದೆ ಪಾಲಿಸುವ ನಿಯಮ. ಕ್ಲಚ್ ಅರ್ಧ ಹಿಡಿದು, ಆಕ್ಸಿಲರೇಟರ್ ಒಂದೇ ಸಮ ಇಟ್ಟು, ಹಿಂದಿನ ಬ್ರೇಕಿನಲ್ಲಿ ವೇಗ ಹತೋಟಿಗೆ ತಂದುಕೊಳ್ಳಬೇಕು. ಕಣ್ಣು ಚಕ್ರದ ಬುಡದಲ್ಲಿ ನೆಟ್ಟಿರಬಾರದು, ಹೋಗಿ ಸೇರಬೇಕಾದ ಕಡೆ ಇರಬೇಕು. ಹೊರಡುವ ಮುಂಚೆ ಖಾಲಿ ಮೈದಾನದಲ್ಲಿ, ಸಾಮಾನು ಕಟ್ಟಿಕೊಂಡೇ, ಇದನ್ನು ಕೈಗೆ ಹತ್ತುವವರೆಗೆ ಮಾಡಿ. ಸಾಮಾನಿಲ್ಲದ ಗಾಡಿಯ ಮೇಲಿನ ಅಭ್ಯಾಸ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ.

ನಿಲ್ಲಿಸುವುದಕ್ಕೂ ಲೆಕ್ಕವಿದೆ. ಇಳಿಜಾರಿಗೆ ಮೂತಿ ಮಾಡಿ ನಿಲ್ಲಿಸಿದ ಗಾಡಿಯನ್ನು ಹಿಂದಕ್ಕೆ ಎಳೆಯಲು ಒಬ್ಬರಿಂದ ಆಗುವುದಿಲ್ಲ. ಮೂತಿ ಏರಿನ ಕಡೆಗಿರಲಿ, ಮೊದಲ ಗೇರಿನಲ್ಲಿರಲಿ. ಸೈಡ್ ಸ್ಟ್ಯಾಂಡಿನ ಪಾದ ಬಹಳ ಚಿಕ್ಕದು. ಮಳೆ ನೆನೆಸಿದ ಮಣ್ಣಿನಲ್ಲಿ, ಏಪ್ರಿಲ್ ಬಿಸಿಲಿಗೆ ಮೆತ್ತಗಾದ ಡಾಂಬರಿನಲ್ಲಿ ಅದು ಮೆಲ್ಲನೆ ಇಳಿಯುತ್ತದೆ. ನೀವು ಟೀ ಕುಡಿದು ಬರುವಷ್ಟರಲ್ಲಿ ಗಾಡಿ ನೆಲ ಕಂಡಿರುತ್ತದೆ. ಅಂಗೈ ಅಗಲದ ಮರದ ತುಂಡೊಂದನ್ನು ಚೀಲದ ಹೊರಜೇಬಿನಲ್ಲಿ ಇಟ್ಟುಕೊಂಡರೆ ಸ್ಟ್ಯಾಂಡಿನ ಅಡಿಗೆ ಕೊಡಲು ಆಗುತ್ತದೆ, ಇಲ್ಲದಿದ್ದರೆ ಚಪ್ಪಟೆ ಕಲ್ಲು ಹುಡುಕಿಕೊಳ್ಳಿ.

ಇಷ್ಟಾದರೂ ಗಾಡಿ ಬೀಳುವುದುಂಟು. ಬಿದ್ದ ಗಾಡಿಯನ್ನು ಕಂಡ ಕೂಡಲೇ ನಾಚಿಕೆಗೋ ಅವಸರಕ್ಕೋ ಹ್ಯಾಂಡಲ್ ಹಿಡಿದು ಎದುರಿನಿಂದ ಜಗ್ಗಿ ಎತ್ತಲು ಹೋಗುತ್ತೇವೆ. ಬೆನ್ನು ಹಿಡಿದುಕೊಳ್ಳುವುದು ಅಲ್ಲೇ. ಮೊದಲು ಕಿಲ್ ಸ್ವಿಚ್ ಒತ್ತಿ, ಕೀ ಆಫ್ ಮಾಡಿ. ಪೆಟ್ರೋಲ್ ಸೋರುತ್ತಿದೆಯೇ, ಹಿಂದಿನಿಂದ ವಾಹನ ಬರುತ್ತಿದೆಯೇ ನೋಡಿ. ಎತ್ತುವಾಗ ಹಿಂದಿನ ಚಕ್ರ ಉರುಳದಂತೆ ಮೊದಲ ಗೇರಿಗೆ ಹಾಕಿ. ಗಾಡಿ ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡ್ ಈಗಲೇ ತೆರೆದಿಡಿ, ಎತ್ತುವ ರಭಸದಲ್ಲಿ ಆಚೆಗೆ ವಾಲಿದರೂ ಅದು ಹಿಡಿದುಕೊಳ್ಳುತ್ತದೆ. ಎಡಕ್ಕೆ ಬಿದ್ದಿದ್ದರೆ ಆ ಅನುಕೂಲ ಇಲ್ಲ, ಎತ್ತಿ ನಿಲ್ಲಿಸಿದ ಮೇಲೆ ಕಾಲಿನಿಂದ ಸ್ಟ್ಯಾಂಡ್ ಬಿಡಿಸಬೇಕು.

ಈಗ ಬಿದ್ದ ಕಡೆಗೇ ಹ್ಯಾಂಡಲನ್ನು ಪೂರ್ತಿ ತಿರುಗಿಸಿ, ಕೆಳಗಿರುವ ಹಿಡಿ ಟ್ಯಾಂಕಿನ ಹತ್ತಿರಕ್ಕೆ ಬರುತ್ತದೆ. ಗಾಡಿಗೆ ಬೆನ್ನು ಮಾಡಿ ಕುಕ್ಕರುಗಾಲಿನಲ್ಲಿ ಕೂತು, ಸೀಟಿನ ಅಂಚಿಗೆ ಸೊಂಟದ ಕೆಳಭಾಗ ಒತ್ತಿ. ಒಂದು ಕೈ ಹ್ಯಾಂಡಲಿನ ಹಿಡಿಗೆ, ಇನ್ನೊಂದು ಹಿಂದಿನ ಗ್ರ್ಯಾಬ್ ರೈಲಿಗೋ ಚಾಸಿಗೋ. ತೋಳು ಚಾಚಿಯೇ ಇರಲಿ, ಬೆನ್ನು ನೆಟ್ಟಗಿರಲಿ. ಕಾಲಿನಿಂದ ನೆಲವನ್ನು ಒತ್ತುತ್ತ ಪುಟ್ಟ ಪುಟ್ಟ ಹೆಜ್ಜೆಯಲ್ಲಿ ಹಿಂದಕ್ಕೆ ನಡೆಯಿರಿ. ಮೊದಲ ಅರ್ಧ ಅಡಿ ಅತಿ ಕಷ್ಟದ್ದು. ಮೇಲೆ ಬಂದಂತೆಲ್ಲ ಭಾರ ಇಳಿಯುತ್ತದೆ, ಕೊನೆಯಲ್ಲಿ ಆಚೆ ಬದಿಗೆ ತಳ್ಳಿಬಿಡದಂತೆ ತಡೆದು ಹಿಡಿಯಬೇಕಾಗುತ್ತದೆ. ಬದಿಯ ಚೀಲಗಳನ್ನು ಮೊದಲೇ ಬಿಚ್ಚಿಟ್ಟರೆ ಕೆಲಸ ಅರ್ಧಕ್ಕೆ ಬರುತ್ತದೆ. ಇಳಿಜಾರಿನಲ್ಲಿ ಚಕ್ರ ಮೇಲಾಗಿ, ಸೀಟು ಕೆಳಗಾಗಿ ಬಿದ್ದಿದ್ದರೆ ಹಾಗೇ ಎತ್ತಬೇಡಿ. ಲೆಗ್ ಗಾರ್ಡ್ ಮೇಲೆ ಗಾಡಿಯನ್ನು ಎಳೆದು ತಿರುಗಿಸಿ, ಚಕ್ರ ಇಳಿಜಾರಿನ ಕಡೆ ಬಂದ ಮೇಲೆ ಎತ್ತಿ. ದಾರಿಹೋಕರು ಇದ್ದರೆ ಕರೆಯಿರಿ. ನಮ್ಮ ರಸ್ತೆಗಳಲ್ಲಿ ಕರೆದರೆ ಬಾರದವರು ಕಡಿಮೆ.

ಎತ್ತಿದ ಕೂಡಲೇ ಸ್ಟಾರ್ಟ್ ಮಾಡಬೇಡಿ, ಆಯಿಲ್ ತಳಕ್ಕೆ ಇಳಿಯಲು ಕೆಲವು ನಿಮಿಷ ಕೊಡಿ. ಈಗಿನ ಹಲವು ಗಾಡಿಗಳಲ್ಲಿ ಬಿದ್ದಾಗ ಎಂಜಿನ್ ನಿಲ್ಲಿಸುವ ಸೆನ್ಸರ್ ಇರುತ್ತದೆ. ಕೀ ಒಮ್ಮೆ ಆಫ್ ಮಾಡಿ ಆನ್ ಮಾಡದ ಹೊರತು ಸ್ಟಾರ್ಟ್ ಆಗುವುದಿಲ್ಲ. ಇದು ತಿಳಿಯದೆ ಬ್ಯಾಟರಿ ಇಳಿಯುವವರೆಗೆ ಸೆಲ್ಫ್ ಒತ್ತುವವರಿದ್ದಾರೆ. ಲಿವರ್‌ಗಳನ್ನು ಹ್ಯಾಂಡಲಿಗೆ ಬಿಗಿಯುವ ಕ್ಲಾಂಪನ್ನು, ಜೋರಾಗಿ ಹೊಡೆದರೆ ತಿರುಗುವಷ್ಟು ಮಾತ್ರ ಬಿಗಿ ಮಾಡಿಸಿಕೊಳ್ಳಿ. ಬಿದ್ದಾಗ ಲಿವರ್ ಮುರಿಯುವ ಬದಲು ತಿರುಗಿಕೊಳ್ಳುತ್ತದೆ.

ಬಯಲುಸೀಮೆಯ ದಾರಿಯಲ್ಲಿ ಚಳಿಗಾಲಕ್ಕೆ ಕಾಣುವ ಅಪಾಯ ಬೇರೆ. ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ಒಕ್ಕಣೆಗೆಂದು ರಸ್ತೆಗೇ ಹರಡಿರುತ್ತಾರೆ. ಕಾರಿಗೆ ಅದರ ಮೇಲೆ ಮಗುಚುವ ಭಯವಿಲ್ಲ. ಎರಡು ಚಕ್ರದ ಭಾರದ ಗಾಡಿಗೆ ಅಡಿಯಲ್ಲಿ ಹಿಡಿತವೇ ಇಲ್ಲದ ಹಾಸು. ಅದರ ಮೇಲೆ ಬ್ರೇಕ್ ಹಿಡಿಯಬಾರದು, ಹ್ಯಾಂಡಲ್ ಅಲ್ಲಾಡಿಸಬಾರದು. ಹಾಸಿನ ಮುಂಚೆಯೇ ವೇಗ ಇಳಿಸಿ, ನೇರವಾಗಿ ದಾಟಿ. ಹುರುಳಿಯ ಬಳ್ಳಿ ಚೈನಿಗೂ ಚಕ್ರದ ಆಕ್ಸಲ್‌ಗೂ ಸುತ್ತಿಕೊಳ್ಳುತ್ತದೆ, ದಾಟಿದ ಮೇಲೆ ನಿಲ್ಲಿಸಿ ಬಗ್ಗಿ ನೋಡುವುದು ಒಳ್ಳೆಯದು. ಬಿಸಿ ಸೈಲೆನ್ಸರ್‌ಗೆ ಅಂಟಿದ ಒಣ ಹುಲ್ಲನ್ನು ಆಗಲೇ ತೆಗೆಯಬೇಕು.

ಘಟ್ಟ ಇಳಿಯುವಾಗಲೂ ತೂಕದ್ದೇ ಕಾಟ. ಆಗುಂಬೆಯ 14 ತಿರುವುಗಳನ್ನು ಸಾಮಾನು, ಹಿಂಬದಿ ಸವಾರರೊಂದಿಗೆ ಬರೀ ಬ್ರೇಕಿನಲ್ಲೇ ಇಳಿದರೆ ಡಿಸ್ಕ್ ಕಾದು ಲಿವರ್ ಮೆತ್ತಗಾಗುತ್ತದೆ. ಏರಲು ಯಾವ ಗೇರ್ ಬೇಕಿತ್ತೋ ಇಳಿಯಲೂ ಅದೇ ಗೇರ್ ಎಂಬ ಲಾರಿ ಡ್ರೈವರುಗಳ ಮಾತು ಇಲ್ಲಿಯೂ ಸರಿ. ಲಿವರ್ ಮೆತ್ತಗಾದರೆ ಅಗಲ ಜಾಗ ನೋಡಿ ನಿಲ್ಲಿಸಿ, ಡಿಸ್ಕಿಗೆ ನೀರು ಹೊಯ್ಯದೆ ತಾನಾಗಿ ಆರಲು ಬಿಡಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ಹಳೆಯದಾದಷ್ಟೂ ಬೇಗ ಕುದಿಯುತ್ತದೆ. ಎರಡು ವರ್ಷ ದಾಟಿದ್ದರೆ ಪ್ರವಾಸಕ್ಕೆ ಮುಂಚೆಯೇ ಬದಲಾಯಿಸಿ.

ಪಂಕ್ಚರ್ ವಿಷಯಕ್ಕೆ ಬಂದರೆ, ನಿಮ್ಮ ಚಕ್ರ ಯಾವುದೆಂದು ಮೊದಲು ತಿಳಿದಿರಿ. ಅಲಾಯ್ ಚಕ್ರದ ಟ್ಯೂಬ್‌ಲೆಸ್ ಆದರೆ ಮೊಳೆ ಚುಚ್ಚಿದರೂ ಗಾಳಿ ನಿಧಾನ ಇಳಿಯುತ್ತದೆ. ಕಿಟ್ ಸಿದ್ಧವಾಗುವವರೆಗೆ ಮೊಳೆ ಕೀಳಬೇಡಿ. ಸ್ಟ್ರಿಪ್ ತೂರಿಸಿ ಗಾಳಿ ಹೊಡೆದರೆ ಕಾಲು ಗಂಟೆಯ ಕೆಲಸ. ಸ್ಪೋಕ್ ಚಕ್ರದಲ್ಲಿ ಸಾಮಾನ್ಯವಾಗಿ ಟ್ಯೂಬ್ ಇರುತ್ತದೆ, ಪಂಕ್ಚರ್ ಆದ ಚಕ್ರವನ್ನೇ ಬಿಚ್ಚಬೇಕು. ಅದಕ್ಕೆಂದು ಸೆಂಟರ್ ಸ್ಟ್ಯಾಂಡ್ ಹಾಕುವಾಗ ಗಾಡಿಯನ್ನು ತೋಳಿನಿಂದ ಮೇಲಕ್ಕೆ ಎಳೆಯಲು ಹೋಗಬಾರದು. ಸ್ಟ್ಯಾಂಡಿನ ಎರಡೂ ಪಾದ ನೆಲ ಮುಟ್ಟಿದ್ದನ್ನು ಖಾತ್ರಿ ಮಾಡಿಕೊಂಡು, ಅದರ ತುದಿಯ ಮೇಲೆ ಬಲಗಾಲಿಟ್ಟು ಇಡೀ ಮೈಭಾರ ಹಾಕಿ ನಿಂತರೆ ಗಾಡಿ ತಾನೇ ಏರುತ್ತದೆ. ದಾರಿಯಲ್ಲಿ ಚಕ್ರ ಬಿಚ್ಚುವುದು ಬರದಿದ್ದರೂ ನಿಮ್ಮ ಅಳತೆಯ ಟ್ಯೂಬ್ ಜೊತೆಗಿರಲಿ. ಚಿಕ್ಕ ಊರಿನ ಪಂಕ್ಚರ್ ಅಂಗಡಿಯಲ್ಲಿ ಕೈ ಇರುತ್ತದೆ, ಬುಲೆಟ್ಟಿನ ಟ್ಯೂಬ್ ಇರುತ್ತದೆಂಬ ಭರವಸೆ ಇಲ್ಲ.

ಕ್ಲಚ್ ಕೇಬಲ್ ಮುನ್ಸೂಚನೆ ಕೊಡದೆ ತುಂಡಾಗುವುದು ಅಪರೂಪ. ಲಿವರಿನ ತುದಿಯಲ್ಲಿ ಒಂದೊಂದೇ ಎಳೆ ಬಿಡುತ್ತ ಬರುತ್ತದೆ, ಕ್ಲಚ್ ದಿನದಿನಕ್ಕೆ ಸಡಿಲವಾಗುತ್ತದೆ. ಹೊಸ ಕೇಬಲ್ಲನ್ನು ಹಳೆಯದರ ಪಕ್ಕದಲ್ಲೇ ಟೇಪ್ ಸುತ್ತಿ ಎಳೆದಿಟ್ಟರೆ ತುಂಡಾದಾಗ ಟ್ಯಾಂಕ್ ಬಿಚ್ಚುವ ಗೋಜಿಲ್ಲ, ಎರಡು ತುದಿ ಸಿಕ್ಕಿಸಿದರೆ ಮುಗಿಯಿತು. ಸ್ಟಾರ್ಟರ್ ವಿಷಯದಲ್ಲಿ ಮಾತ್ರ ಹಳೆಯ ಬುಲೆಟ್ ಸವಾರರಿಗಿದ್ದ ಆಸರೆ ಇಂದಿನವರಿಗೆ ಇಲ್ಲ: 2021ರಲ್ಲಿ ಬಂದ ಹೊಸ ಕ್ಲಾಸಿಕ್ 350ಕ್ಕೆ ಕಿಕ್ಕರ್ ಇಲ್ಲ. ಬ್ಯಾಟರಿ ಇಳಿದರೆ ತಳ್ಳಿಯೇ ಸ್ಟಾರ್ಟ್ ಮಾಡಬೇಕು, ಎರಡನೇ ಗೇರಿನಲ್ಲಿ, ಇಳಿಜಾರು ಇದ್ದರೆ ಒಳ್ಳೆಯದು. ಆದರೆ ಇಂಧನ ಪಂಪಿಗೆ ಸಾಲುವಷ್ಟು ವಿದ್ಯುತ್ ಉಳಿದಿರಬೇಕು, ಪೂರ್ತಿ ಸತ್ತ ಬ್ಯಾಟರಿಯಲ್ಲಿ ಎಷ್ಟು ತಳ್ಳಿದರೂ ಫಲವಿಲ್ಲ. ಎಂಜಿನ್ ನಿಂತಾಗ ಫಾಗ್ ಲ್ಯಾಂಪ್ ಉರಿಸಿಡುವುದು, ಮೊಬೈಲ್ ಚಾರ್ಜ್ ಮಾಡುವುದು ಬೇಡ.

ಬೆಂಗಳೂರಿನಿಂದಲೂ ಹುಬ್ಬಳ್ಳಿಯಿಂದಲೂ ಎಷ್ಟೋ ಜನ ಕನಸು ಕಟ್ಟಿಕೊಂಡು ಹೋಗುವ ಮನಾಲಿ–ಲೇಹ್ ದಾರಿಯಲ್ಲಿ ಇದೆಲ್ಲ ಇನ್ನೊಂದು ಬಗೆಯಾಗುತ್ತದೆ. ಅಲ್ಲಿಯ ತಂಗ್ಲಂಗ್ ಲಾ ಕಣಿವೆ 5,300 ಮೀಟರ್ ಮೇಲಿದೆ, ಗಾಳಿಯ ಒತ್ತಡ ಕಡಲತೀರದ ಅರ್ಧದ ಆಸುಪಾಸು. ಗಾಡಿ ಎಳೆಯುವುದಿಲ್ಲ, ಎರಡನೇ ಗೇರಿನಲ್ಲೂ ಏದುಸಿರು. ಕೆಟ್ಟಿದೆ ಎಂದು ಬಿಚ್ಚಲು ಕೂರಬೇಡಿ, ಅದಕ್ಕೆ ಉಸಿರಿಲ್ಲ ಅಷ್ಟೆ. ಕ್ಲಚ್ ಅರ್ಧ ಹಿಡಿದು ಎಂಜಿನ್ ಅರಚಿಸುತ್ತ ಏರುವವರು ಕ್ಲಚ್ ಪ್ಲೇಟ್ ಸುಟ್ಟುಕೊಳ್ಳುತ್ತಾರೆ. ಸುಟ್ಟ ವಾಸನೆ ಬಂದರೆ ನಿಲ್ಲಿಸಿ ತಣಿಯಲು ಬಿಡಿ, ಮೊದಲ ಗೇರಿನಲ್ಲಿ ಕ್ಲಚ್ ಪೂರ್ತಿ ಬಿಟ್ಟು ಹೋಗಿ. ಟೈರಿನ ಮೀಟರ್ ತೋರಿಸುವ ಒತ್ತಡ ಎತ್ತರಕ್ಕೆ ಏರುತ್ತದೆ, ಚಳಿಗೆ ಇಳಿಯುತ್ತದೆ. ಕಡಲಮಟ್ಟದಿಂದ 5,000 ಮೀಟರಿಗೆ ಸುಮಾರು 7 ಪಿಎಸ್‌ಐ ಏರಿಕೆ, ತಾಪಮಾನ 30 ಡಿಗ್ರಿ ಇಳಿದರೆ ನಾಲ್ಕೈದು ಪಿಎಸ್‌ಐ ಇಳಿಕೆ. ಬಹುಪಾಲು ಒಂದಕ್ಕೊಂದು ಸರಿಹೋಗುತ್ತದೆ, ಕಣಿವೆಯ ತುದಿಯಲ್ಲಿ ಗಾಳಿ ಬಿಡುತ್ತ ಕೂರುವುದು ಬೇಡ.

ರಸ್ತೆಗೆ ಅಡ್ಡ ಹರಿಯುವ ತೊರೆಗಳನ್ನು ಬೆಳಗ್ಗೆಯೇ ದಾಟಿ. ಬಿಸಿಲೇರಿದಂತೆ ಮಂಜು ಕರಗಿ ಮಧ್ಯಾಹ್ನಕ್ಕೆ ನೀರು ಹೆಚ್ಚುತ್ತದೆ, ತಳದ ಉರುಟು ಕಲ್ಲು ಕಾಣುವುದಿಲ್ಲ. ಮೊದಲ ಗೇರ್, ಒಂದೇ ಸಮದ ಆಕ್ಸಿಲರೇಟರ್, ನಡುವೆ ನಿಲ್ಲಬಾರದು. ನೀರಿನಲ್ಲಿ ಬಿದ್ದ ಗಾಡಿಯ ಸೈಲೆನ್ಸರ್, ಏರ್ ಫಿಲ್ಟರಿಗೆ ನೀರು ಹೋಗಿದೆಯೇ ನೋಡದೆ ಸೆಲ್ಫ್ ಒತ್ತಬೇಡಿ. ನೀರು ಎಂಜಿನ್ನಿನೊಳಗೆ ಹೊಕ್ಕಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಅಲ್ಲಿಗೆ ಅದು ಸಣ್ಣ ಅವಘಡವಾಗಿ ಉಳಿಯುವುದಿಲ್ಲ. ಮೇಲೆ ಎತ್ತುವುದಕ್ಕೂ ಅವಸರ ಬೇಡ. ಗಾಡಿಯ ತೂಕ ಬೆಂಗಳೂರಿನಲ್ಲಿದ್ದಷ್ಟೇ, ಎತ್ತುವವರ ಉಸಿರು ಮಾತ್ರ ಅರ್ಧ. ಒಬ್ಬರೇ ಒಂದೇ ಸಲಕ್ಕೆ ಜಗ್ಗಿದರೆ ತಲೆ ಸುತ್ತು ಬರುತ್ತದೆ. ಕೀ ತೆಗೆದು, ಚೀಲ ದಡಕ್ಕೆ ಸಾಗಿಸಿ, ಇನ್ನೊಂದು ಗಾಡಿ ಬರುವವರೆಗೆ ಕಾಯಿರಿ. ಆ ದಾರಿಯಲ್ಲಿ ಬಂದವರು ನಿಂತೇ ನಿಲ್ಲುತ್ತಾರೆ.